ಕಂಪ್ಯೂಟರ್ ಬಂದ್ಮೇಲೆ ಬಿಯರ್ ಬಂತಾ?

(1/8)
ಬೆಂಗಳೂರಿನ ಬಗ್ಗೆ ಇನ್‌ಸ್ಟಾದಲ್ಲಿ ಒಂದು ಜಗಳ ಮುಗಿಯೋದೇ ಇಲ್ಲ, ನೀವೂ ನೋಡಿರ್ತೀರ. ಒಂದು ಕಡೆಯವರು ಹೇಳ್ತಾರೆ: "ಐಟಿ ಬರೋಕ್ ಮುಂಚೆ ಇಲ್ಲಿ ಏನಿತ್ತು? ಕಂಪನಿ, ಕೆಫೆ, ಪಬ್ಬು ಎಲ್ಲಾ ನಮ್ಮಿಂದ ಬಂದಿದ್ದು." ಇನ್ನೊಂದು ಕಡೆಯವರು, ಅಂದ್ರೆ ಬಹುಪಾಲು ನಮ್ಮವರೇ, ತಿರುಗಿಸಿ ಹೇಳ್ತಾರೆ: "ಕಾಫಿ ಕುಡ್ಕೊಂಡು ತಣ್ಣಗಿದ್ದ ಊರಿಗೆ ಬಿಯರ್ ತಂದು ಹಾಳು ಮಾಡಿದ್ದೇ ನೀವು."

ಸ್ವಲ್ಪ ಗಮನಿಸಿ ನೋಡಿ. ಇಬ್ಬರೂ ಕಿತ್ತಾಡ್ತಿದ್ದಾರೆ, ಆದ್ರೆ ಒಂದು ವಿಷಯ ಇಬ್ಬರೂ ಒಪ್ಕೊಂಡಿದ್ದಾರೆ: ಮೊದಲು ಕಂಪ್ಯೂಟರ್ ಬಂತು, ಅದರ ಹಿಂದೆ ಬಿಯರ್ ಬಂತು. ಒಬ್ಬರಿಗೆ ಅದು ಹೆಮ್ಮೆ, ಇನ್ನೊಬ್ಬರಿಗೆ ಸಿಟ್ಟು, ಅಷ್ಟೇ ವ್ಯತ್ಯಾಸ. ಆ ಒಪ್ಕೊಂಡಿರೋ ಮಾತೇ ತಪ್ಪು ಅನ್ನೋದು ಈ ಸೀರೀಸ್‌ನ ವಿಷಯ.

ಮೊದಲೇ ಹೇಳ್ಬಿಡ್ತೀನಿ, ನನಗೆ ವಯಸ್ಸು 20. ನಮ್ಮ ರಾಜ್ಯದಲ್ಲಿ ಬಾರ್‌ನವರು ಕೇಳೋದು 21. ಆದ್ದರಿಂದ ರುಚಿಯ ಬಗ್ಗೆ ನನ್ನನ್ನ ಕೇಳಬೇಡಿ. ನಾನು ಬಿಕಾಂ, ನನ್ನ ಹತ್ರ ಇರೋದು ಇಸವಿ ಮತ್ತು ಲೆಕ್ಕ ಮಾತ್ರ.

(2/8)
ನಾವು ವಿವಿ ಪುರಂನಲ್ಲಿ ನಿಂತು "ಹಳೇ ಬೆಂಗಳೂರು" ಅಂದಾಗ ನಮ್ಮ ತಲೆಯಲ್ಲಿ ಇರೋದು ಅರ್ಧ ಊರು ಮಾತ್ರ. ಸಜ್ಜನ್ ರಾವ್ ಸರ್ಕಲ್, ಬಸವನಗುಡಿ, ಚಾಮರಾಜಪೇಟೆ, ಆ ಕಡೆ ಚಿಕ್ಕಪೇಟೆ. ಇದು ಮೈಸೂರು ಮಹಾರಾಜರ ಆಡಳಿತದ ಬೆಂಗಳೂರು. ಇನ್ನರ್ಧ ಇದ್ದಿದ್ದು ದಂಡಿನಲ್ಲಿ. ಕಂಟೋನ್ಮೆಂಟ್‌ಗೆ ನಮ್ಮ ಹಿರಿಯರು ಇಟ್ಟ ಹೆಸರು ದಂಡು, ಅಂದ್ರೆ ಸೈನ್ಯ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನ ಇಲ್ಲಿಗೆ ತಂದು ಕೂರಿಸಿದರು. ಪೇಟೆಗೆ ಒಂದು ಮುನಿಸಿಪಾಲಿಟಿ, ದಂಡಿಗೆ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದ್ದು 1949ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ.

ಬಿಯರ್ ಬಂದಿದ್ದು ದಂಡಿಗೆ. ಸಾವಿರಾರು ಮೈಲಿ ದೂರದಿಂದ ಬಂದ ಸೋಲ್ಜರ್‌ಗಳಿಗೆ ಅದು ಊಟದಷ್ಟೇ ಮಾಮೂಲು. ಹಡಗಿನಲ್ಲಿ ತರಿಸೋದು ದುಬಾರಿ, ದಾರಿಯಲ್ಲಿ ಕೆಡೋ ಭಯ ಬೇರೆ. ಹಾಗಾಗಿ 19ನೇ ಶತಮಾನದಲ್ಲೇ ನೀಲಗಿರಿ, ಬೆಂಗಳೂರು, ಮದ್ರಾಸಿನಲ್ಲಿ ಬಿಯರ್ ಕಾರ್ಖಾನೆಗಳು ಎದ್ದವು. 1915ರಲ್ಲಿ ಥಾಮಸ್ ಲೀಷ್ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಇಂಥ ಐದು ಕಾರ್ಖಾನೆಗಳನ್ನ ಒಂದು ಮಾಡಿ ಕಂಪನಿ ಕಟ್ಟಿದ. ಒಂದಾದ ಬ್ರೂವರಿಗಳು ಅಂತಲೇ ಹೆಸರು, ಯುನೈಟೆಡ್ ಬ್ರೂವರೀಸ್. ನೀವು ಯುಬಿ ಅಂತೀರಲ್ಲ, ಅದೇ. ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸೈನ್ಯಕ್ಕೆ ಕಳಿಸ್ತಿದ್ರು.

(ಎತ್ತಿನ ಗಾಡಿ ಅಂದ್ರೆ ನಗಬೇಡಿ. 1981ರಲ್ಲಿ ಇಸ್ರೋದ ಆ್ಯಪಲ್ ಉಪಗ್ರಹವನ್ನ ಪರೀಕ್ಷೆಗೆ ಕೂರಿಸಿದ್ದೂ ಎತ್ತಿನ ಗಾಡಿಯ ಮೇಲೆಯೇ. ಆ್ಯಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿಯೇ ಸರಿಯಾದ ಉಪಕರಣ. ಬಡತನದ ಫೋಟೊ ಅಂತ ಶೇರ್ ಆಗೋದು ಅದು, ಆದ್ರೆ ವಿಷಯ ಅದಲ್ಲ.)

ಲೀಷ್ಮನ್ ಕಂಪನಿ ಕಟ್ಟಿದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ನಮ್ಮ ಏರಿಯಾಗೆ ಅವರದೇ ಹೆಸರು. ಕಂಪ್ಯೂಟರ್ ಅನ್ನೋ ಯಂತ್ರ ಆಗ ಪ್ರಪಂಚದಲ್ಲೇ ಇರಲಿಲ್ಲ.

(3/8)
"ಸರಿ ಗುರು, ಅದು ಬ್ರಿಟಿಷರ ಕಥೆ, ನಮ್ಮವರದಲ್ಲ" ಅಂತೀರಾ?

ಪೇಟೆ ಕಡೆ ಬಿಯರ್ ಅಷ್ಟಿರಲಿಲ್ಲ, ನಿಜ. ಆದ್ರೆ ಕುಡಿತ ಇರಲಿಲ್ಲ ಅನ್ನೋದು ಸುಳ್ಳು. ಹೆಂಡ ಇತ್ತು, ಸಾರಾಯಿ ಇತ್ತು. ಜಿ.ಪಿ. ರಾಜರತ್ನಂ 'ರತ್ನನ ಪದಗಳು' ಬರೆದಿದ್ದು ನೆನಪಿದೆಯಾ? ಕನ್ನಡದ ಅತಿ ಪ್ರೀತಿಯ ಪಾತ್ರಗಳಲ್ಲಿ ಒಬ್ಬ ಹೆಂಡ ಕುಡಿಯೋ ರತ್ನ. ಅವನಿಗೆ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿರಲಿಲ್ಲ ಅಂತ ಕಾಣುತ್ತೆ.

ಇನ್ನು ದುಡ್ಡಿನ ಕಡೆ ನೋಡಿ. ಯುಬಿ ಶೇರುಗಳನ್ನ ಸದ್ದಿಲ್ಲದೆ ಕೊಳ್ತಾ ಹೋಗಿ 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರ್ ಆದವರು ವಿಠ್ಠಲ್ ಮಲ್ಯ. ಮನೆತನದ ಮೂಲ ದಕ್ಷಿಣ ಕನ್ನಡದ ಬಂಟ್ವಾಳ. ಆಗ ಅವರಿಗೆ ಇನ್ನೂ 23ರ ಆಸುಪಾಸು. ಮರುವರ್ಷವೇ ಚೇರ್ಮನ್. (ಅವರ ಮಗನ ಕಥೆ ನಿಮಗೆಲ್ಲ ಗೊತ್ತು, ಇಲ್ಲಿ ಬೇಡ.) ಪೇಟೆ ಕಡೆಯಿಂದ ರೇಷ್ಮೆ ವ್ಯಾಪಾರದ ಖೋಡೇ ಮನೆತನವೂ ಮದ್ಯ ತಯಾರಿಕೆಗೆ ಇಳಿಯಿತು. ಹಾಗಾಗಿ "ಹೊರಗಿನವರು ತಂದು ಕುಡಿಸಿದರು" ಅನ್ನೋ ಮಾತು ನಮ್ಮ ಬಾಯಲ್ಲಿ ಚೆನ್ನಾಗಿ ಕೇಳಲ್ಲ. ಬಾಟಲಿಗೆ ತುಂಬಿದವರಲ್ಲಿ ನಮ್ಮವರೂ ಇದ್ದರು.

(4/8)
ಈಗ ಎಲ್ಲರೂ ಎತ್ತಿ ತೋರಿಸೋ ಇಸವಿಗೆ ಬರೋಣ. 1985: ಅಮೆರಿಕದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಲ್ಲಿ ಕೇಂದ್ರ ತೆರೆಯುತ್ತೆ. ಇಲ್ಲಿ ಹೀಗೆ ಕಾಲಿಟ್ಟ ವಿದೇಶಿ ಕಂಪನಿಗಳಲ್ಲಿ ಅದೇ ಮೊದಲನೆಯದು ಅಂತ ಲೆಕ್ಕ. ಅದೇ ದಶಕದ ಕೊನೆಯಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಸುತ್ತಮುತ್ತ ಪಬ್‌ಗಳು ಒಂದೊಂದಾಗಿ ಏಳುತ್ತವೆ. ಈಗಲೂ ಹೆಸರು ಕೇಳೋ ಪೆಕೋಸ್ ಶುರುವಾಗಿದ್ದು 1989ರಲ್ಲಿ. ಎರಡು ಇಸವಿ ಪಕ್ಕಪಕ್ಕ ಇಟ್ಟರೆ ಕಥೆ ತಾನಾಗೇ ರೆಡಿ: ಸಾಫ್ಟ್‌ವೇರ್‌ನವರು ಬಂದ್ರು, ಪಬ್ ತೆರೆದ್ರು.

ಆದ್ರೆ ಆ ಪಬ್‌ಗಳಲ್ಲಿ ಕೂತವರು ಯಾರು? ಸಾಫ್ಟ್‌ವೇರ್‌ನವರೇ ಆಗಿರಬೇಕಾದರೆ ಅವರು ಊರಲ್ಲಿ ಅಷ್ಟು ಜನ ಇರಬೇಕಲ್ಲ. ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿದ್ದು 1983ರಲ್ಲಿ, ಆಗ ಅದು ಪುಟ್ಟ ಕಂಪನಿ. ಶೇರು ಮಾರುಕಟ್ಟೆಗೆ ಇಳಿದಿದ್ದು 1993ರಲ್ಲಿ. ಸಾಫ್ಟ್‌ವೇರ್ ರಫ್ತಿಗೆ ಅಂತ ಸರ್ಕಾರದ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ, ಎಸ್‌ಟಿಪಿಐ, ಬಂದಿದ್ದು 1991ರಲ್ಲಿ. ವೈಟ್‌ಫೀಲ್ಡ್‌ನ ಐಟಿಪಿಎಲ್ ಬಂದಿದ್ದು 1990ರ ದಶಕದ ಕೊನೆಯ ಹೊತ್ತಿಗೆ. ಜನಸಾಗರ ಬಂದಿದ್ದೆಲ್ಲ ಆಮೇಲೆ. ಪಬ್‌ಗಳು ಅಷ್ಟು ಹೊತ್ತಿಗೆ ಹಳೇದಾಗಿದ್ದವು.

ಆಗ ಬೆಂಗಳೂರಲ್ಲಿ ತಿಂಗಳ ಸಂಬಳ ಎಣಿಸ್ತಿದ್ದ ದೊಡ್ಡ ಗುಂಪು ಬೇರೆಯೇ ಇತ್ತು. ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಜೊತೆಗೆ ಸೈನ್ಯ, ಕಾಲೇಜು ಹುಡುಗರು, ಕಂಟೋನ್ಮೆಂಟ್‌ನ ಹಳೇ ಮನೆಗಳು.

ಇನ್ನೊಂದು ಕಾರಣ ಇದೆ, ನನಗೆ ಇದೇ ಹೆಚ್ಚು ಇಷ್ಟ, ಯಾಕಂದ್ರೆ ಇದು ಪಕ್ಕಾ ಕಾಸ್ಟಿಂಗ್ ವಿಷಯ. ಪಬ್‌ನ ಜೀವಾಳ ಡ್ರಾಟ್ ಬಿಯರ್, ಅಂದ್ರೆ ಪೀಪಾಯಿಯಿಂದ ನಲ್ಲಿಯಲ್ಲಿ ಹಿಡಿದು ಕೊಡೋದು. ಬಾಟಲಿ ಬಿಯರನ್ನ ಬಿಸಿ ಮಾಡಿ ಪಾಶ್ಚರೀಕರಿಸ್ತಾರೆ, ತಿಂಗಳುಗಟ್ಟಲೆ ಇಡಬಹುದು. ಡ್ರಾಟ್‌ಗೆ ಸಾಮಾನ್ಯವಾಗಿ ಅದು ಇರಲ್ಲ. ತಣ್ಣಗೇ ಸಾಗಿಸಬೇಕು, ಕೆಲವೇ ವಾರಗಳಲ್ಲಿ ಖಾಲಿ ಮಾಡಬೇಕು. ಪ್ರೋಸೆಸ್ ಕಾಸ್ಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್ ಅಂತ ಓದ್ತೀವಲ್ಲ, ದೂರದ ಊರಿಗೆ ಡ್ರಾಟ್ ಕಳಿಸಿದ್ರೆ ಎರಡೂ ಒಟ್ಟಿಗೆ ಆಗುತ್ತೆ. ಕಾರ್ಖಾನೆ ಹತ್ತಿರ ಇದ್ದರೆ ಮಾತ್ರ ಈ ವ್ಯಾಪಾರ ಗಿಟ್ಟೋದು. ಬೆಂಗಳೂರಿಗೆ ಆ ಅನುಕೂಲ ಇತ್ತು: ಯುಬಿಯ ಕಾರ್ಖಾನೆ ಇದ್ದಿದ್ದು ಊರ ನಡುವೆ, ಆಗಿನ ಗ್ರಾಂಟ್ ರೋಡ್‌ನಲ್ಲಿ. ಈಗ ಅದು ವಿಠ್ಠಲ್ ಮಲ್ಯ ರಸ್ತೆ. ಬೆಂಗಳೂರು ಪಬ್ ಸಿಟಿ ಆಗಿದ್ದಕ್ಕೆ ಕಾರಣ ಹುಡುಕೋರು ಸಿಲಿಕಾನ್ ಚಿಪ್‌ಗಿಂತ ಮೊದಲು ಆ ಕಾಂಪೌಂಡ್ ಗೋಡೆ ನೋಡಬೇಕು.

(5/8)
ಕಂಪ್ಯೂಟರ್ ಕಥೆಗೂ ಇದೇ ಗತಿಯಾಗಿದೆ. 1985ಕ್ಕೆ ಮುಂಚೆ ಇಲ್ಲಿ ಶೂನ್ಯ ಅಂದ್ಕೊಂಡವರು ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಐಐಎಸ್‌ಸಿಗೆ ಊರವರ ಹೆಸರು) ಹೋಗಿ ಕೇಳಲಿ. 1970ರ ದಶಕ ಶುರುವಾಗೋ ಹೊತ್ತಿಗೇ ಅಲ್ಲಿ ಐಬಿಎಂ 360 ಯಂತ್ರ ಓಡ್ತಿತ್ತು. ಎಲೆಕ್ಟ್ರಾನಿಕ್ ಸಿಟಿ ಕನಸು ಕಂಡವರು ಆರ್.ಕೆ. ಬಾಳಿಗಾ, ಕಿಯೋನಿಕ್ಸ್ ಅನ್ನೋ ರಾಜ್ಯ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರು. 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ ಅದಕ್ಕೆ ಹೋಯಿತು. ಆ ಹಳ್ಳಿಗಳ ಹೆಸರು ಈಗ ನಮಗೆ ಬಸ್ ಬೋರ್ಡಿನಲ್ಲಿ ಮಾತ್ರ ಕಾಣುತ್ತೆ. "ಇಲ್ಲಿ ಏನಿತ್ತು" ಅನ್ನೋ ಪ್ರಶ್ನೆಗೆ ಒಂದು ಉತ್ತರ: ಹೊಲ ಇತ್ತು, ಮತ್ತೆ ಅದನ್ನ ಬಿಟ್ಟುಕೊಟ್ಟವರು ಇದ್ರು.

ಹೋಗ್ಲಿ. ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಎರಡೇ ಎರಡು ಇಸವಿ ಇಟ್ಕೊಂಡು ಇಡೀ ಊರಿನ ಬಗ್ಗೆ ತೀರ್ಮಾನ ಕೊಡಬಹುದಾ? ಡೇಟಾ ಇಷ್ಟೇ ಇಷ್ಟು ಇದ್ದಾಗ ಎಷ್ಟು ನಂಬಬಹುದು? ಈ ಪ್ರಶ್ನೆಗೆ ಪ್ರಪಂಚದಲ್ಲಿ ಮೊದಲು ಸರಿಯಾದ ಲೆಕ್ಕ ಹಾಕಿಕೊಟ್ಟಿದ್ದು ಎಲ್ಲಿ ಗೊತ್ತಾ? ಒಂದು ಬಿಯರ್ ಕಾರ್ಖಾನೆಯಲ್ಲಿ. ಸುಮ್ನೆ ಹೇಳ್ತಿಲ್ಲ, ಅದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಲ್ಲೇ ಇದೆ.

(6/8)
"ಸ್ಟೂಡೆಂಟ್ಸ್ ಟಿ-ಟೆಸ್ಟ್." ಸ್ಟೂಡೆಂಟ್ಸ್‌ಗೆ ಕೊಡೋ ಟೆಸ್ಟ್ ಅಂತ ತಿಳ್ಕೊಂಡಿರೋರು ನಮ್ಮ ಕ್ಲಾಸಲ್ಲೇ ಇದ್ದಾರೆ (ಹೆಸರು ಹೇಳಲ್ಲ ಮಗಾ, ನೀನು ಓದ್ತಿದ್ದೀಯ). ಸ್ಟೂಡೆಂಟ್ ಅನ್ನೋದು ಒಬ್ಬ ಮನುಷ್ಯನ ಗುಪ್ತನಾಮ. ನಿಜವಾದ ಹೆಸರು ವಿಲಿಯಂ ಸೀಲಿ ಗಾಸೆಟ್. ಹುಟ್ಟಿದ್ದು 1876, ಇಂಗ್ಲೆಂಡಿನ ಕ್ಯಾಂಟರ್ಬರಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ 1899ರಲ್ಲಿ ಕೆಲಸಕ್ಕೆ ಸೇರಿದ್ದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಗೆ.

ಗಿನ್ನೆಸ್ ಆಗ ಪ್ರಪಂಚದ ಅತಿ ದೊಡ್ಡ ಬ್ರೂವರಿಗಳಲ್ಲಿ ಒಂದು. ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡುವಾಗ "ನಾಲಿಗೆಗೆ ಸರಿ ಅನಿಸಿತು" ಅಂದ್ರೆ ಸಾಲದು. ಯಾವ ತಳಿಯ ಬಾರ್ಲಿ ಚೆನ್ನ? ಈ ಮಾಲ್ಟ್‌ನಿಂದ ಎಷ್ಟು ಸಕ್ಕರೆ ಅಂಶ ಬರುತ್ತೆ? ಪರೀಕ್ಷೆ ಮಾಡಬೇಕು. ಆದ್ರೆ ಬಾರ್ಲಿ ಬೆಳೆಯೋಕೆ ಒಂದು ಋತು ಪೂರ್ತಿ ಬೇಕು. ಒಬ್ಬ ರೈತನ ಹೊಲದಿಂದ ಸಿಗೋದು ಒಂದು ಅಂಕಿ. ವರ್ಷವಿಡೀ ಕಾದರೂ ಕೈಯಲ್ಲಿ ನಾಲ್ಕೋ ಆರೋ ಅಂಕಿ. ಆಗಿದ್ದ ಸೂತ್ರಗಳೆಲ್ಲ ನೂರಾರು, ಸಾವಿರಾರು ಅಂಕಿ ಇದ್ದಾಗ ಕೆಲಸ ಮಾಡೋವು. ನಾಲ್ಕಕ್ಕೆ ಹಾಕಿದ್ರೆ ಅವು ಇಲ್ಲದ ಧೈರ್ಯ ಕೊಡ್ತಿದ್ವು.

ಕಂಪನಿಯವರು ಅವನನ್ನ 1906ರಲ್ಲಿ ಲಂಡನ್‌ಗೆ, ಕಾರ್ಲ್ ಪಿಯರ್ಸನ್ ಹತ್ತಿರ ಕಲಿಯೋಕೆ ಕಳಿಸಿದರು. ಕೋರಿಲೇಷನ್ ಲೆಕ್ಕದಲ್ಲಿ ಬರೋ ಅದೇ ಪಿಯರ್ಸನ್. ಆ ಕಾಲದಲ್ಲಿ ಕಂಪ್ಯೂಟರ್ ಅಂದ್ರೆ ಯಂತ್ರ ಅಲ್ಲ ಗುರು, ಮನುಷ್ಯ. ಕೂತು ಲೆಕ್ಕ ಹಾಕೋ ಕೆಲಸದವರನ್ನ ಹಾಗೆ ಕರೀತಿದ್ರು.

ಗಾಸೆಟ್ ಮಾಡಿದ್ದನ್ನ ಓದಿದಾಗ ನನಗೆ ನಿಜವಾಗ್ಲೂ ಮೈ ಜುಮ್ ಅಂತು. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಒಂದು ಲೇಖನದಲ್ಲಿ ಅಚ್ಚಾಗಿದ್ದವು. ಅವನ್ನ 3000 ರಟ್ಟಿನ ಚೀಟಿಗಳ ಮೇಲೆ ಬರೆದ. ಇಸ್ಪೀಟಿನಂತೆ ಚೆನ್ನಾಗಿ ಕಲಸಿದ. ನಾಲ್ಕು ನಾಲ್ಕಾಗಿ ಎತ್ತಿದ. 750 ಗುಂಪು. ಪ್ರತಿ ಗುಂಪಿಗೂ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹಾಕಿ, ತನ್ನ ಸೂತ್ರ ಹೇಳಿದಂತೆ ಬರುತ್ತಾ ಅಂತ ನೋಡಿದ. ಈಗ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಸಿಮ್ಯುಲೇಷನ್ ಅಂತೀವಿ, ಕಣ್ಣು ಮಿಟುಕಿಸೋದರಲ್ಲಿ ಆಗುತ್ತೆ. ಅವನಿಗೆ ಇದ್ದಿದ್ದು ಚೀಟಿ, ಪೆನ್ಸಿಲ್, ತಾಳ್ಮೆ.

1908ರಲ್ಲಿ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಲೇಖನ ಬಂತು. ನೌಕರರು ತಮ್ಮ ಹೆಸರಲ್ಲಿ ಸಂಶೋಧನೆ ಪ್ರಕಟಿಸೋ ಹಾಗಿಲ್ಲ ಅನ್ನೋದು ಗಿನ್ನೆಸ್ ನಿಯಮ, ಪೈಪೋಟಿಯವರಿಗೆ ಗುಟ್ಟು ಗೊತ್ತಾಗಬಾರದಲ್ಲ. ಹಾಗಾಗಿ ಹೆಸರಿನ ಜಾಗದಲ್ಲಿ 'ಸ್ಟೂಡೆಂಟ್'. ಸಾಯೋತನಕ, 1937ರವರೆಗೂ, ಅದೇ ಕಂಪನಿಯ ನೌಕರ. ಪ್ರಪಂಚದ ಅಷ್ಟೂ ಲ್ಯಾಬ್‌ಗಳಲ್ಲಿ ದಿನಾ ಬಳಸೋ ಟೆಸ್ಟ್‌ನ ಮೇಲೆ ಅವನ ಹೆಸರಿಲ್ಲ. ಎನ್‌ಡಿಎ ಸೈನ್ ಮಾಡಿ ಕೆಲಸಕ್ಕೆ ಸೇರೋ ನಾವು ಇದನ್ನ ಸ್ವಲ್ಪ ಯೋಚಿಸಬಹುದು.

ಲೆಕ್ಕ ಹೇಗೆ ಬದಲಾಗುತ್ತೆ ಅಂತ ತೋರಿಸ್ತೀನಿ, ಬಿಟ್ಟು ಓಡಬೇಡಿ. ನಮ್ಮ ತಿಂಡಿ ಬೀದಿಯ ನಾಲ್ಕು ಅಂಗಡಿಗಳಲ್ಲಿ ಮಸಾಲೆ ದೋಸೆ ₹60, ₹70, ₹80, ₹70 ಅಂತ ಸುಮ್ನೆ ಅಂದ್ಕೊಳ್ಳಿ. ಸರಾಸರಿ ₹70. ಸ್ಟ್ಯಾಂಡರ್ಡ್ ಡೀವಿಯೇಷನ್ 8.16, ಅದನ್ನ ನಾಲ್ಕರ ವರ್ಗಮೂಲದಿಂದ ಭಾಗಿಸಿದ್ರೆ 4.08. ಹಳೇ ದೊಡ್ಡ-ಸ್ಯಾಂಪಲ್ ಪದ್ಧತಿಯಲ್ಲಿ ಇದನ್ನ 1.96ರಿಂದ ಗುಣಿಸ್ತೀರ: ನಿಜವಾದ ಸರಾಸರಿ ₹62ರಿಂದ ₹78ರ ಒಳಗಿದೆ ಅಂತ 95% ಧೈರ್ಯದಿಂದ ಹೇಳ್ತೀರ. ಗಾಸೆಟ್ ಅಡ್ಡ ಬಂದು ಹೇಳ್ತಾನೆ: ನಾಲ್ಕೇ ಅಂಗಡಿ ನೋಡಿದ್ದೀಯ, 1.96 ಅಲ್ಲ, 3.182 ಹಾಕು. ಆಗ ₹57ರಿಂದ ₹83. ಅದೇ ದೋಸೆ, ಅದೇ ಅಂಕಿ, ನಮ್ಮ ಖಾತ್ರಿ ಮಾತ್ರ ಕಮ್ಮಿ ಆಯ್ತು. "ನನಗೆ ಇಷ್ಟು ಗೊತ್ತಿಲ್ಲ" ಅನ್ನೋದಕ್ಕೂ ಒಂದು ಅಂಕಿ ಕೊಟ್ಟವನು ಅವನು.

ಸ್ಯಾಂಪಲ್ ಎರಡೇ ಇದ್ರೆ ಆ 1.96ರ ಜಾಗಕ್ಕೆ ಬರೋ ಸಂಖ್ಯೆ ಎಷ್ಟು ಗೊತ್ತಾ? 12.706. ಇಸವಿಗಳ ಮೇಲೆ ಟಿ-ಟೆಸ್ಟ್ ಹಾಕೋಕಾಗಲ್ಲ, ಅದು ನನಗೂ ಗೊತ್ತು. ಆದ್ರೆ 1985, 1989 ಅಂತ ಎರಡು ಇಸವಿ ಹಿಡ್ಕೊಂಡು ಊರಿನ ಇತಿಹಾಸ ಬರೆಯೋರನ್ನ ನೋಡಿದಾಗಲೆಲ್ಲ ನನಗೆ ಆ ಸಂಖ್ಯೆ ನೆನಪಾಗುತ್ತೆ.

(7/8)
ಈ ಗಿನ್ನೆಸ್ ಲೆಕ್ಕ ನಮ್ಮ ದೇಶಕ್ಕೆ ಬಂದ ದಾರಿಯೂ ಚೆನ್ನಾಗಿದೆ. ಬೇಗ ಹೇಳಿಬಿಡ್ತೀನಿ.

ಕೇಂಬ್ರಿಡ್ಜ್‌ನಲ್ಲಿ ಫಿಸಿಕ್ಸ್ ಓದಿ 1915ರಲ್ಲಿ ಊರಿಗೆ ಹೊರಟ ಪಿ.ಸಿ. ಮಹಾಲನೋಬಿಸ್ ಅದೇ 'ಬಯೋಮೆಟ್ರಿಕಾ' ಸಂಪುಟಗಳನ್ನ ಕೊಂಡು ಹಡಗಿನಲ್ಲಿ ಓದ್ತಾ ಬಂದರು. 1931ರಲ್ಲಿ ಕಲ್ಕತ್ತದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. 1950ರ ದಶಕದ ನಡುವೆ ಭಾರತಕ್ಕೆ ಮೊದಲ ಡಿಜಿಟಲ್ ಕಂಪ್ಯೂಟರ್ ತರಿಸಿದ್ದು ಆ ಸಂಸ್ಥೆಯೇ. ಯಾಕೆ ತರಿಸಿದರು? ಸ್ಯಾಂಪಲ್ ಸರ್ವೆಯ ಲೆಕ್ಕಗಳು, ಪಂಚವಾರ್ಷಿಕ ಯೋಜನೆಯ ಲೆಕ್ಕಗಳು. ಆ ಸಂಸ್ಥೆಯ ದೊಡ್ಡ ಹೆಸರು ಸಿ.ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಹೌದು, ನಮ್ಮದೇ, ಈಗಿನ ವಿಜಯನಗರ ಜಿಲ್ಲೆ. ತೆಲುಗು ಮನೆತನ. ಕೇಂಬ್ರಿಡ್ಜ್‌ನಲ್ಲಿ ಅವರಿಗೆ ಗುರುವಾಗಿದ್ದವರು ಆರ್.ಎ. ಫಿಶರ್. ಫಿಶರ್ ಯಾರು? ಗಾಸೆಟ್‌ನ ಜೊತೆ ವರ್ಷಗಟ್ಟಲೆ ಪತ್ರ ಬರೆದು, ಅವನ ಲೆಕ್ಕಕ್ಕೆ ನಾವೀಗ ಓದೋ ರೂಪ ಕೊಟ್ಟವರು. ಬಾರ್ಲಿ ಹೊಲದಿಂದ ಹೂವಿನ ಹಡಗಲಿಗೆ ನಡುವೆ ಒಬ್ಬರೇ ಒಬ್ಬರು! ರಾವ್ 2023ರಲ್ಲಿ, 102ನೇ ವಯಸ್ಸಲ್ಲಿ ತೀರಿಕೊಂಡರು. ಅದೇ ವರ್ಷ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ಬಂದಿತ್ತು. ಆ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಮೈಸೂರು ರೋಡ್‌ನಲ್ಲಿದೆ, ಕೆಂಗೇರಿ ಬಸ್ ಹತ್ತಿದ್ರೆ ದಾರಿಯಲ್ಲೇ.

ಮೊದಲು ಬಿಯರ್ ಕಾರ್ಖಾನೆಯ ಲೆಕ್ಕ, ಆಮೇಲೆ ಆ ಲೆಕ್ಕ ಹಾಕೋಕೆ ಕಂಪ್ಯೂಟರ್. ಇಲ್ಲೂ ಕ್ರಮ ಅದೇ ನೋಡಿ.

(8/8)
ಐಟಿಗೂ ಬಿಯರ್‌ಗೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2010-11ರ ಹೊತ್ತಿಗೆ ಇಂದಿರಾನಗರ, ಲ್ಯಾವೆಲ್ಲೆ ರೋಡ್‌ನಲ್ಲಿ ತಾವೇ ಬಿಯರ್ ತಯಾರಿಸಿ ಅಲ್ಲೇ ಕೊಡೋ ಮೈಕ್ರೋಬ್ರೂವರಿಗಳು ಶುರುವಾದವಲ್ಲ, ಆ ಬಿಲ್ ಕಟ್ಟೋಕೆ ಐಟಿ ಸಂಬಳ ಬೇಕಿತ್ತು, ಒಪ್ತೀನಿ. ಆದ್ರೆ ಅದು ಕಥೆಯ ಕೊನೇ ಅಧ್ಯಾಯ, ಮೊದಲನೆಯದಲ್ಲ.

ಅದೇ ಕಾಲದ ಇನ್ನೊಂದು ಇಸವಿಯನ್ನ ಯಾರೂ ರೀಲ್ ಮಾಡಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್. ಎಷ್ಟೋ ಮನೆಗಳ ಹೆಂಗಸರಿಗೆ ಅದು ಸಮಾಧಾನ ತಂದಿರಬೇಕು, ಅದನ್ನ ಅಲ್ಲಗಳೆಯಲ್ಲ. ಆದ್ರೆ ಕೂಲಿ ಮಾಡೋನ ಪ್ಯಾಕೆಟ್ ನಿಂತ ಮರುವರ್ಷವೇ, 2008ರಲ್ಲಿ, ಹಳೇ ಬಿಯರ್ ಕಾರ್ಖಾನೆ ಇದ್ದ ಜಾಗದಲ್ಲಿ ಯುಬಿ ಸಿಟಿ ಥಳಥಳ ಅಂತ ತೆರೆದುಕೊಂಡಿತು. ಕುಡಿತ ಹೋಗಲಿಲ್ಲ, ಯಾರ ಕುಡಿತಕ್ಕೆ ಮರ್ಯಾದೆ ಅನ್ನೋದು ಮಾತ್ರ ತೀರ್ಮಾನ ಆಯ್ತು. ಈಗ ಯುನೈಟೆಡ್ ಬ್ರೂವರೀಸ್‌ನಲ್ಲಿ ಬಹುಪಾಲು ಶೇರು ನೆದರ್‌ಲೆಂಡ್ಸ್‌ನ ಹೈನೆಕೆನ್ ಕಂಪನಿಯದು, 2021ರಿಂದ. "ನಮ್ಮದು, ನಿಮ್ಮದು" ಅಂತ ಕಿತ್ತಾಡೋರು ಇದನ್ನೂ ಬರ್ಕೊಳ್ಳಿ.

ಯುಬಿ ಸಿಟಿ ಮುಂದೆ ಸೆಲ್ಫಿ ತೆಗೆಯೋರು ಸಾಕಷ್ಟಿದ್ದಾರೆ. ಅಲ್ಲಿ ಕಾರ್ಖಾನೆ ಇದ್ದಾಗ ಬಾಯ್ಲರ್ ನೋಡ್ಕೊಂಡವರು, ಬಾಟಲಿ ತೊಳೆದವರು, ಲೆಡ್ಜರ್ ಬರೆದವರು ಯಾರು? ಅವರ ಬಗ್ಗೆ ನನ್ನ ಹತ್ರ ಇರೋ ಸ್ಯಾಂಪಲ್ ಸೊನ್ನೆ. ನಿಮ್ಮ ತಾತ, ಅಜ್ಜಿ, ಪಕ್ಕದ ಮನೆ ಅಂಕಲ್ ಯಾರಾದ್ರೂ ಅಲ್ಲಿ, ಇಲ್ಲಾ ಐಟಿಐ, ಬಿಇಎಲ್‌ನ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡಿದ್ರೆ ಕೂರಿಸ್ಕೊಂಡು ಕೇಳಿ. ಹಳೇ ಪೇ ಸ್ಲಿಪ್, ಗೇಟ್ ಪಾಸ್, ಯೂನಿಯನ್ ರಸೀದಿ ಏನಿದ್ರೂ ಹೆಸರು, ನಂಬರ್ ಮುಚ್ಚಿ ಫೋಟೊ ತೆಗೆದು ಡಿಎಂ ಮಾಡಿ. ನಾಲ್ಕು ಬಂದ್ರೂ ಸಾಕು, ನಾಲ್ಕಕ್ಕೆ ಹೇಗೆ ಲೆಕ್ಕ ಹಾಕೋದು ಅಂತ ಈಗ ಗೊತ್ತಲ್ಲ.

#ವಿವಿಪುರಂ #ಹಳೇಬೆಂಗಳೂರು #ದಂಡುಪೇಟೆ #ಬಿಕಾಂಇತಿಹಾಸ